ಹಿಮಾಲಯದಲ್ಲಿ ಹಿಮ ಹೆಚ್ಚಾದರೆ ಹೊಸಪೇಟೆಗೆ ಬರವೇ? ಹಿಮ ನೋಡಿ ಮಳೆ ಹೇಳಲು ಹೊರಟ ಬ್ಲಾನ್‌ಫೋರ್ಡ್ ಕಥೆ

ಮನಾಲಿ ರಸ್ತೆಯಲ್ಲಿ ಆಳೆತ್ತರದ ಹಿಮ. ಕೇದಾರನಾಥ ಪೂರ್ತಿ ಬಿಳಿ. ಇಂಥ ವಿಡಿಯೊ ನಿಮ್ಮ ಗ್ರೂಪಿಗೂ ಬಂದಿರಬಹುದು. ಅದನ್ನು ನೋಡಿ ಒಬ್ಬರು ಈ ಸಲ ಹಿಮ ಜಾಸ್ತಿ, ನಮ್ಮ ಕಡೆ ಮಳೆ ಕಡಿಮೆ ಎನ್ನುತ್ತಾರೆ. ಇನ್ನೊಬ್ಬರು ಹಿಮ ಕರಗಿದರೆ ಟಿ.ಬಿ. ಡ್ಯಾಂ ಬೇಗ ತುಂಬುತ್ತದೆ ಎಂದು ಸಮಾಧಾನ ಹೇಳುತ್ತಾರೆ. ಮೂರನೆಯವರು ಅದೇ ವಿಡಿಯೊ ನೋಡಿ ಬೇಸಿಗೆ ರಜೆಗೆ ಹಿಮಾಲಯ ಟ್ರೆಕ್ಕಿಂಗ್ ಬುಕ್ ಮಾಡುತ್ತಾರೆ.

ಮೊದಲನೆಯ ಮಾತಿಗೆ 140 ವರ್ಷದ ಇತಿಹಾಸವಿದೆ. ಎರಡನೆಯದು ಪೂರ್ತಿ ತಪ್ಪು. ಮೂರನೆಯದು ಜೀವದ ಪ್ರಶ್ನೆ. ಮೂರನ್ನೂ ಅರ್ಥ ಮಾಡಿಕೊಳ್ಳಲು ಒಬ್ಬ ವ್ಯಕ್ತಿಯ ಬದುಕನ್ನು ನೋಡಿದರೆ ಸಾಕು. ಅವರ ಹೆಸರು ಹೆನ್ರಿ ಫ್ರಾನ್ಸಿಸ್ ಬ್ಲಾನ್‌ಫೋರ್ಡ್. ಭಾರತೀಯ ಹವಾಮಾನ ಇಲಾಖೆಯ ಮೊದಲ ಮುಖ್ಯಸ್ಥ. ಹಿಮಾಲಯದ ಹಿಮವನ್ನು ವರ್ಷವರ್ಷವೂ ಗಮನಿಸಿ, ಆ ಲೆಕ್ಕದಿಂದ ದೇಶದ ಮಳೆಗಾಲವನ್ನು ಮುಂಚಿತವಾಗಿ ಹೇಳಲು ಹೊರಟವರಲ್ಲಿ ಮೊದಲಿಗರು.

ಚುಟುಕಾಗಿ ಹೇಳುವುದಾದರೆ

- ಹಿಮಾಲಯದ ಹಿಮಕ್ಕೂ ಮುಂಗಾರಿಗೂ ಸಂಬಂಧ ಇದೆ. ಆದರೆ ಅದು ಹಲವು ಕಾರಣಗಳಲ್ಲಿ ಒಂದು ಮಾತ್ರ.
- ಹಿಮದ ವಿಡಿಯೊ ನೋಡಿ ಬಳ್ಳಾರಿ, ವಿಜಯನಗರ ಜಿಲ್ಲೆಗಳ ಮಳೆ ಹೇಳಲು ಆಗುವುದಿಲ್ಲ.
- ತುಂಗಭದ್ರೆಗೆ ಹಿಮದ ನೀರು ಬರುವುದಿಲ್ಲ.
- ಹಿಮದ ದಾರಿ ಸುರಕ್ಷಿತವೇ ಎಂಬುದು ಬೇರೆಯೇ ಪ್ರಶ್ನೆ. ಅದಕ್ಕೆ ಆ ದಿನದ, ಆ ಜಾಗದ ಮಾಹಿತಿಯೇ ಬೇಕು.

ಇನ್ನು ವಿವರಕ್ಕೆ ಬರೋಣ.

ಬಿಸಿಲೂರಿನಲ್ಲಿ ಹಿಮಗಡ್ಡೆಯ ಗುರುತು

ಬ್ಲಾನ್‌ಫೋರ್ಡ್ ಹುಟ್ಟಿದ್ದು 1834ರಲ್ಲಿ, ಲಂಡನ್ನಿನಲ್ಲಿ. ಓದಿದ್ದು ಹವಾಮಾನವನ್ನಲ್ಲ, ಕಲ್ಲು ಮಣ್ಣುಗಳ ಶಾಸ್ತ್ರವನ್ನು. ಲಂಡನ್ನಿನ ಗಣಿ ಶಾಲೆಯಲ್ಲಿ ಕಲಿತು, ಜರ್ಮನಿಯ ಫ್ರೈಬರ್ಗ್‌ನ ಹೆಸರಾಂತ ಗಣಿ ವಿದ್ಯಾಲಯಕ್ಕೂ ಹೋಗಿ ಬಂದರು. 1855ರಲ್ಲಿ ಅಣ್ಣ ವಿಲಿಯಂ ಜೊತೆ ಕಲ್ಕತ್ತಕ್ಕೆ ಬಂದಿಳಿದಾಗ ಅವರಿಗೆ 21 ವರ್ಷ. ಅಣ್ಣ ತಮ್ಮ ಇಬ್ಬರಿಗೂ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯಲ್ಲಿ ಕೆಲಸ.

ಮೊದಲ ಕೆಲಸವೇ ಒಡಿಶಾದ ತಾಲ್ಚೇರ್ ಕಲ್ಲಿದ್ದಲು ಪ್ರದೇಶದಲ್ಲಿ. ಬೇಸಿಗೆಯಲ್ಲಿ ಕಾದ ಹೆಂಚಿನಂತಾಗುವ ಊರು ಅದು. ಅಲ್ಲಿ ಒಂದು ವಿಚಿತ್ರ ಪದರ ಕಣ್ಣಿಗೆ ಬಿತ್ತು. ತೀರಾ ನುಣುಪಾದ ಹೂಳಿನ ನಡುವೆ ದೊಡ್ಡ ದೊಡ್ಡ ಬಂಡೆಗಳು ಹುದುಗಿದ್ದವು. ಬಂಡೆ ಉರುಳಿಸುವಷ್ಟು ರಭಸದ ನೀರು ನುಣುಪು ಹೂಳನ್ನು ಅಲ್ಲಿಯೇ ಬಿಟ್ಟು ಹೋಗುವುದಿಲ್ಲ. ಹೂಳು ನಿಲ್ಲುವಷ್ಟು ನಿಧಾನದ ನೀರು ಬಂಡೆಯನ್ನು ತರುವುದಿಲ್ಲ. ಹಾಗಾದರೆ ಎರಡೂ ಒಂದೇ ಕಡೆ ಸೇರಿದ್ದು ಹೇಗೆ? ಬಂಡೆಗಳನ್ನು ಹಿಮಗಡ್ಡೆ ಹೊತ್ತು ತಂದಿರಬೇಕು ಎಂದು 1856ರಲ್ಲಿ ಬ್ಲಾನ್‌ಫೋರ್ಡ್ ಸಹೋದರರು ಮತ್ತು ಜೊತೆಗಾರ ವಿಲಿಯಂ ಥಿಯೋಬಾಲ್ಡ್ ಸೂಚಿಸಿದರು. ಒಡಿಶಾದಲ್ಲಿ ಹಿಮವೇ ಎಂದು ಆಗ ಅನೇಕರಿಗೆ ನಂಬಿಕೆ ಬರಲಿಲ್ಲ. ಸುಮಾರು 30 ಕೋಟಿ ವರ್ಷಗಳ ಹಿಂದೆ ಆ ನೆಲ ದಕ್ಷಿಣ ಧ್ರುವದ ಕಡೆಗಿತ್ತು, ಹಿಮದ ಕೆಳಗಿತ್ತು ಎಂಬುದು ಈಗ ಪಠ್ಯಪುಸ್ತಕದ ವಿಷಯ.

ಆಮೇಲೆ ತಮಿಳುನಾಡಿನ ತಿರುಚಿರಾಪಳ್ಳಿ, ಅರಿಯಲೂರು ಸುತ್ತ ಅಲೆದು, ಒಣ ನೆಲದಲ್ಲಿ ಸಿಗುವ ಸಮುದ್ರಜೀವಿಗಳ ಪಳೆಯುಳಿಕೆಗಳ ಪದರಗಳನ್ನು ವಿಂಗಡಿಸಿದರು. 1862ರಲ್ಲಿ ಸರ್ವೇಕ್ಷಣೆ ಬಿಟ್ಟು ಕಲ್ಕತ್ತದ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಮೇಷ್ಟರಾದರು. ಭಾರತದ ಶಾಲೆಗಳಿಗಾಗಿ ಭೌತಿಕ ಭೂಗೋಳದ ಪುಸ್ತಕವನ್ನೂ ಬರೆದರು. ಬದುಕು ಹೀಗೇ ಸಾಗಿದ್ದರೆ ಇವತ್ತು ಅವರ ಹೆಸರು ಭೂವಿಜ್ಞಾನಿಗಳಿಗಷ್ಟೇ ಗೊತ್ತಿರುತ್ತಿತ್ತು.

ಒಂದು ಚಂಡಮಾರುತ ಬದಲಿಸಿದ ಬದುಕು

1864ರ ಅಕ್ಟೋಬರ್ 5ರಂದು ಕಲ್ಕತ್ತಕ್ಕೆ ಭೀಕರ ಚಂಡಮಾರುತ ಅಪ್ಪಳಿಸಿತು. ಹೂಗ್ಲಿ ನದಿಯಲ್ಲಿ ಸಮುದ್ರದ ನೀರು ಗೋಡೆಯಂತೆ ಒಳನುಗ್ಗಿತು. ಹತ್ತಾರು ಸಾವಿರ ಜನ ಸತ್ತರು. ಬಂದರಿನಲ್ಲಿದ್ದ ಹಡಗುಗಳು ದಡಕ್ಕೆ ಬಿದ್ದವು. ಒಂದೇ ತಿಂಗಳಲ್ಲಿ ಇನ್ನೊಂದು ಚಂಡಮಾರುತ ಮಚಲೀಪಟ್ಟಣವನ್ನು ಮುಳುಗಿಸಿತು. ಎರಡು ವರ್ಷಕ್ಕೆ ಒಡಿಶಾದಲ್ಲಿ ಮಹಾಕ್ಷಾಮ.

ಕಲ್ಕತ್ತದ ಚಂಡಮಾರುತದ ಬಗ್ಗೆ ಸರ್ಕಾರಕ್ಕೆ ವರದಿ ಬರೆದ ಇಬ್ಬರಲ್ಲಿ ಬ್ಲಾನ್‌ಫೋರ್ಡ್ ಒಬ್ಬರು. ಹಡಗಿನವರ ದಿನಚರಿ, ಬಂದರುಗಳ ಗಾಳಿಯೊತ್ತಡದ ಲೆಕ್ಕ ಎಲ್ಲವನ್ನೂ ಜೋಡಿಸಿ ಗಾಳಿ ಎಲ್ಲಿ ಹುಟ್ಟಿತು, ಯಾವ ದಾರಿ ಹಿಡಿಯಿತು ಎಂದು ಬಿಡಿಸಬೇಕಾಗಿತ್ತು. ಚದುರಿದ ಕಲ್ಲುಗಳಿಂದ ಹಳೆಯ ಭೂಮಿಯನ್ನು ಊಹಿಸುವ ಕೆಲಸಕ್ಕೂ ಇದಕ್ಕೂ ಹೆಚ್ಚು ವ್ಯತ್ಯಾಸವಿರಲಿಲ್ಲ. 1867ರಲ್ಲಿ ಅವರು ಬಂಗಾಳ ಸರ್ಕಾರದ ಹವಾಮಾನ ವರದಿಗಾರರಾದರು.

ಆಗ ಒಂದೊಂದು ಪ್ರಾಂತ್ಯದ್ದು ಒಂದೊಂದು ಪದ್ಧತಿ. ಉಷ್ಣಮಾಪಕ ಒಂದು ಕಡೆ ಜಗಲಿಯಲ್ಲಿ, ಇನ್ನೊಂದು ಕಡೆ ಗೋಡೆಗೆ ತಾಗಿ. ಓದುವ ಹೊತ್ತೂ ಬೇರೆ ಬೇರೆ. ಇಂಥ ಅಂಕಿಗಳನ್ನು ಪಕ್ಕಪಕ್ಕ ಇಟ್ಟರೆ ಯಾವ ಅರ್ಥವೂ ಹೊರಡುವುದಿಲ್ಲ. ಹಾಗಾಗಿ 1875ರಲ್ಲಿ ಇಡೀ ದೇಶಕ್ಕೆ ಒಂದೇ ಹವಾಮಾನ ಇಲಾಖೆ ಆಯಿತು. ಕಲ್ಕತ್ತ ಅದರ ಕೇಂದ್ರ, ಬ್ಲಾನ್‌ಫೋರ್ಡ್ ಅದರ ಮುಖ್ಯಸ್ಥ. ಒಂದೇ ಬಗೆಯ ಉಪಕರಣ, ಒಂದೇ ಹೊತ್ತು, ಒಂದೇ ನಮೂನೆಯ ವರದಿ ಎಂಬುದು ಅವರ ಮೊದಲ ಪಟ್ಟು. ಕೇಳಲು ಸಪ್ಪೆ ಎನಿಸುತ್ತದೆ. ಆದರೆ ಈ ಶಿಸ್ತು ಇಲ್ಲದಿದ್ದರೆ ಮುಂದಿನ ಯಾವ ಮಾತಿಗೂ ಆಧಾರ ಇರುತ್ತಿರಲಿಲ್ಲ.

ಹೊಸ ಇಲಾಖೆಗೆ ಎರಡು ವರ್ಷ ತುಂಬುವುದರೊಳಗೆ ಮಳೆ ಕೈಕೊಟ್ಟಿತು.

ಧಾತು ಬರ: ನಮ್ಮ ಜಿಲ್ಲೆಯ ಗಾಯ

1876 ನಮ್ಮ ಪಂಚಾಂಗದಲ್ಲಿ ಧಾತು ಸಂವತ್ಸರ, 1877 ಈಶ್ವರ ಸಂವತ್ಸರ. ದಕ್ಷಿಣ ಭಾರತದ ಮಹಾಕ್ಷಾಮವನ್ನು ಈಗಲೂ ಹಿರಿಯರು ಧಾತು ಬರ ಎಂದೇ ಕರೆಯುವುದು ಅದಕ್ಕೆ. ಆಗ ಹೊಸಪೇಟೆ, ಹಂಪಿ, ಕಂಪ್ಲಿ ಎಲ್ಲ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯೊಳಗಿದ್ದವು. ಪಕ್ಕದಲ್ಲೇ ಘೋರ್ಪಡೆ ಮನೆತನದ ಸಂಡೂರು ಸಂಸ್ಥಾನ. ತುಂಗಭದ್ರೆಯಿಂದ ವಿಜಯನಗರದ ಕಾಲದಲ್ಲಿ ತೋಡಿದ ಕಾಲುವೆಗಳ ಕೆಳಗಿನ ಗದ್ದೆ ತೋಟಗಳನ್ನು ಬಿಟ್ಟರೆ, ಜಿಲ್ಲೆಯ ಬೇಸಾಯ ಮಳೆಯನ್ನೇ ನಂಬಿತ್ತು. ಹೊಸಪೇಟೆಯಿಂದ ಬಳ್ಳಾರಿ ಕಡೆಗೆ ಹೊರಟರೆ ಸಿಗುವ ಪಾಪಿನಾಯಕನಹಳ್ಳಿಯಂಥ ಊರುಗಳ ಕೆಂಪು ನೆಲ ಎಂಥದ್ದು ಎಂದು ಅಲ್ಲಿಯವರಿಗೆ ಹೇಳಬೇಕಿಲ್ಲ. ಮಳೆ ಬಂದರೆ ಜೋಳ, ಸಜ್ಜೆ. ಇಲ್ಲದಿದ್ದರೆ ಬರೀ ದೂಳು.

ಆ ಬರದಲ್ಲಿ ಹೆಚ್ಚು ನಲುಗಿದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. 1871 ಮತ್ತು 1881ರ ಜನಗಣತಿಗಳ ನಡುವೆ ಜಿಲ್ಲೆಯ ಜನಸಂಖ್ಯೆ ಸುಮಾರು ಐದನೇ ಒಂದು ಭಾಗದಷ್ಟು ಇಳಿಯಿತು. ಇಡೀ ದೇಶದಲ್ಲಿ ಸತ್ತವರು 50 ಲಕ್ಷಕ್ಕೂ ಹೆಚ್ಚು.

ಇದಕ್ಕೆ ಮಳೆಯೊಂದೇ ಕಾರಣವಲ್ಲ. ಜನ ಹಸಿದಿದ್ದಾಗಲೂ ಬಂದರುಗಳಿಂದ ಧಾನ್ಯ ಹೊರದೇಶಕ್ಕೆ ಹೋಗುತ್ತಲೇ ಇತ್ತು. ಬರ ಪರಿಹಾರ ಕಾಮಗಾರಿಯ ಕೂಲಿಯನ್ನು ಸರ್ಕಾರವೇ ಕಡಿತ ಮಾಡಿತು. ಬರ ಪ್ರಕೃತಿಯದ್ದಿರಬಹುದು, ಇಷ್ಟೊಂದು ಸಾವು ಪ್ರಕೃತಿಯದ್ದಷ್ಟೇ ಅಲ್ಲ. ಆದರೂ ಒಂದು ಪ್ರಶ್ನೆ ಉಳಿಯಿತು. ಮಳೆ ಕೈಕೊಡುತ್ತದೆ ಎಂದು ಎರಡು ಮೂರು ತಿಂಗಳು ಮುಂಚೆ ಗೊತ್ತಾಗಿದ್ದರೆ ಧಾನ್ಯ ಕೂಡಿಡಲು, ಸಾಗಿಸಲು ಹೊತ್ತು ಸಿಗುತ್ತಿತ್ತಲ್ಲವೇ? ಕ್ಷಾಮ ಆಯೋಗ ಕೇಳಿದ್ದೂ ಇದನ್ನೇ, ಬ್ಲಾನ್‌ಫೋರ್ಡ್ ತಲೆಗೆ ಹಚ್ಚಿಕೊಂಡಿದ್ದೂ ಇದನ್ನೇ.

ಹಿಮದ ಮೇಲೆ ಕಣ್ಣು ಹೋಗಿದ್ದು ಹೇಗೆ?

ವರದಿಗಳನ್ನು ತಿರುವಿ ಹಾಕುವಾಗ ಅವರಿಗೆ ಒಂದು ಸಂಗತಿ ಕಂಡಿತು. ಬರ ಬಿದ್ದ 1877ಕ್ಕೆ ಮೊದಲು ವಾಯವ್ಯ ಹಿಮಾಲಯದಲ್ಲಿ ವಸಂತದವರೆಗೂ ಹಿಮ ಭಾರಿಯಾಗಿ ಬಿದ್ದಿತ್ತು. ಇದು ಆ ಒಂದು ವರ್ಷದ ಮಾತೇ, ಅಥವಾ ನಿಯಮವೇ? ಅಂದಿನಿಂದ ಹಿಮ ನೋಡುವುದೂ ಇಲಾಖೆಯ ಕೆಲಸವಾಯಿತು.

ಆಗ ಉಪಗ್ರಹ ಇಲ್ಲ. ಬೆಟ್ಟದ ಜಿಲ್ಲೆಗಳ ಅಧಿಕಾರಿಗಳು ಕಳಿಸುವ ವರದಿಗಳೇ ಆಧಾರ. ಈ ಸಲ ಹಿಮ ಎಷ್ಟು ಬಿತ್ತು, ಎಲ್ಲಿಯವರೆಗೆ ಹಬ್ಬಿದೆ, ಎಷ್ಟು ದಿನ ಕರಗದೆ ನಿಂತಿದೆ ಎಂಬ ವಿವರಗಳು. ಗಮನಿಸಿ, ಬೆಟ್ಟದ ದಾರಿಯಲ್ಲಿ ನಡೆಯುವವರ ಜೀವ ಕಾಯುವುದೂ ಇದೇ ವಿವರ. ದಾರಿಹೋಕರಿಗೆ ಬೇಕಾದ ಮಾಹಿತಿಯನ್ನು ಬ್ಲಾನ್‌ಫೋರ್ಡ್ ರೈತನ ಮಳೆಗೆ ಬಳಸಲು ಹೊರಟಿದ್ದರು.

ಕೆಲವು ವರ್ಷಗಳ ಲೆಕ್ಕ ಕೂಡಿದ ಮೇಲೆ, 1884ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಅವರ ಪ್ರಬಂಧ ಬಂತು. ಹಿಮಾಲಯದ ಹಿಮದ ಹರವು ಮತ್ತು ದಪ್ಪ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ, ಅದು ವಾಯವ್ಯ ಭಾರತದ ಬಯಲಿನ ಹವೆಯ ಮೇಲೆ ಬಹುಕಾಲ ಪರಿಣಾಮ ಬೀರುತ್ತದೆ, ಹಿಮ ಹೆಚ್ಚಾದಾಗ ಒಣಗಾಳಿ ಹೆಚ್ಚಿ ಮಳೆ ಕಡಿಮೆಯಾಗುವ ಸಂಭವ ಹೆಚ್ಚು ಎಂಬುದು ಅದರ ಸಾರ. ಅವರು ಮಾತಾಡಿದ್ದು ಮುಖ್ಯವಾಗಿ ವಾಯವ್ಯದ ಬಯಲಿನ ಬಗ್ಗೆ ಎಂಬುದು ನೆನಪಿರಲಿ. ಫಾರ್ವರ್ಡ್‌ಗಳಲ್ಲಿ ಮೊದಲು ಬಿದ್ದುಹೋಗುವುದು ಇಂಥ ಮಿತಿಯೇ.

ಹಿಮ ಮಳೆಯನ್ನು ತಡೆಯುವುದು ಹೇಗೆ?

ಮುಂಗಾರು ಬರುವುದಕ್ಕೆ ಒಂದು ದೊಡ್ಡ ಕಾರಣ ನೆಲ ಮತ್ತು ಕಡಲಿನ ಬಿಸಿಯ ವ್ಯತ್ಯಾಸ. ಬೇಸಿಗೆಯಲ್ಲಿ ಏಷ್ಯಾದ ನೆಲ ಚೆನ್ನಾಗಿ ಕಾದರೆ ಮೇಲಿನ ಗಾಳಿ ಹಗುರವಾಗಿ ಏರುತ್ತದೆ, ಕಡಲಿನ ಮೇಲಿಂದ ತೇವದ ಗಾಳಿ ಒಳಗೆ ಬರುತ್ತದೆ. ಎತ್ತರದಲ್ಲಿರುವ ಟಿಬೆಟ್ ಪ್ರಸ್ಥಭೂಮಿ ಕಾಯುವುದೂ ಇದರಲ್ಲಿ ಮುಖ್ಯ.

ಹಿಮ ಈ ಕಾಯುವಿಕೆಗೆ ಮೂರು ರೀತಿ ಅಡ್ಡ ಬರುತ್ತದೆ. ಒಂದು, ಹೊಸ ಹಿಮ ತನ್ನ ಮೇಲೆ ಬಿದ್ದ ಬಿಸಿಲಿನಲ್ಲಿ ಶೇ 80ಕ್ಕೂ ಹೆಚ್ಚನ್ನು ವಾಪಸ್ ಕಳಿಸಿಬಿಡುತ್ತದೆ. ಬರಿ ಮಣ್ಣು ಹಾಗಲ್ಲ, ಹೆಚ್ಚಿನ ಬಿಸಿಲನ್ನು ಕುಡಿಯುತ್ತದೆ. ಎರಡು, ಹಿಮ ಕರಗಲು ತುಂಬ ಶಾಖ ಬೇಕು. ಒಂದು ಕಿಲೋ ಮಂಜುಗಡ್ಡೆಯನ್ನು ಬರೀ ಕರಗಿಸಲು ಬೇಕಾದ ಶಾಖದಲ್ಲಿ, ಒಂದು ಲೀಟರ್ ತಣ್ಣನೆಯ ನೀರನ್ನು ಸೊನ್ನೆಯಿಂದ 80 ಡಿಗ್ರಿವರೆಗೆ ಕಾಯಿಸಬಹುದು. ಮೂರು, ಕರಗಿದ ಮೇಲೂ ನೆಲ ಒದ್ದೆ. ಆ ನೀರು ಆರುವುದಕ್ಕೂ ಬಿಸಿಲು ಖರ್ಚಾಗುತ್ತದೆ. ಒದ್ದೆ ಬಟ್ಟೆ ಮೈ ತಂಪು ಮಾಡುವಂತೆ ಒದ್ದೆ ನೆಲವೂ ಗಾಳಿಯನ್ನು ತಂಪಾಗಿಡುತ್ತದೆ.

ಹಾಗಾಗಿ ಬ್ಲಾನ್‌ಫೋರ್ಡ್ ಊಹೆಯಲ್ಲಿ ತರ್ಕವಿತ್ತು. ಅದು ಮೂಢನಂಬಿಕೆಯಾಗಿರಲಿಲ್ಲ.

1886ರ ಜೂನ್ 4

1882ರಿಂದ 1885ರವರೆಗೆ ಅವರು ಹಿಮದ ಲೆಕ್ಕವನ್ನೇ ಮುಖ್ಯ ಆಧಾರವಾಗಿಟ್ಟುಕೊಂಡು ಪ್ರಾಯೋಗಿಕವಾಗಿ ಮಳೆಗಾಲದ ಮುನ್ಸೂಚನೆ ಕೊಟ್ಟರು. ಅವು ಭರವಸೆ ಮೂಡಿಸಿದ್ದರಿಂದ 1886ರ ಜೂನ್ 4ರಂದು ಮಳೆಗಾಲದ ಮೊದಲ ಅಧಿಕೃತ ದೀರ್ಘಾವಧಿ ಮುನ್ಸೂಚನೆ ಹೊರಬಿತ್ತು. ಆಗಿನ ಆಡಳಿತದಡಿ ಇದ್ದ ಬರ್ಮಾ ಕೂಡ ಅದರಲ್ಲಿ ಸೇರಿತ್ತು. ಇವತ್ತು ಏಪ್ರಿಲ್ ಬಂದರೆ ಈ ಸಲ ಮಳೆ ಶೇಕಡಾ ಎಷ್ಟು ಎಂದು ಟಿ.ವಿ.ಯಲ್ಲಿ ಬರುತ್ತದಲ್ಲ, ಆ ಪರಿಪಾಠದ ಬೇರು ಅಲ್ಲಿದೆ.

ಆ ವರ್ಷಗಳಲ್ಲೇ, 1885ರಲ್ಲಿ, ಪಂಜಾಬಿನ ತರುಣ ರುಚಿ ರಾಮ್ ಸಾಹ್ನಿ ಇಲಾಖೆಗೆ ಸೇರಿ ಬ್ಲಾನ್‌ಫೋರ್ಡ್ ಕೈಕೆಳಗೆ ಪಳಗಿದರು. ಅಧಿಕಾರಿ ದರ್ಜೆಯಲ್ಲಿ ಭಾರತೀಯರೇ ಇಲ್ಲದಿದ್ದ ಇಲಾಖೆಯಲ್ಲಿ ಅವರು ಮೊದಲಿಗರು. ಮುಂದೆ ಪಂಜಾಬಿನಲ್ಲಿ ಊರೂರಿಗೆ ಹೋಗಿ ಜನರ ಭಾಷೆಯಲ್ಲಿ ವಿಜ್ಞಾನ ಹೇಳಿದ ಸಾಹ್ನಿ ಇವರೇ. ಸಸ್ಯ ಪಳೆಯುಳಿಕೆಗಳ ವಿಜ್ಞಾನಿ ಬೀರಬಲ್ ಸಾಹ್ನಿ ಇವರ ಮಗ.

ಬ್ಲಾನ್‌ಫೋರ್ಡ್ ದೇಶದ ಮಳೆಯ ಲೆಕ್ಕವನ್ನೆಲ್ಲ ಒಟ್ಟುಗೂಡಿಸಿ ದೊಡ್ಡ ಗ್ರಂಥ ಮಾಡಿದರು. 1880ರ ದಶಕದ ಕೊನೆಗೆ ನಿವೃತ್ತರಾಗಿ ಇಂಗ್ಲೆಂಡಿಗೆ ಮರಳಿದರು. 1893ರ ಜನವರಿಯಲ್ಲಿ ಫೋಕ್‌ಸ್ಟನ್ ಪಟ್ಟಣದಲ್ಲಿ ತೀರಿಕೊಂಡಾಗ ಅವರಿಗೆ 58 ವರ್ಷ. ತಮ್ಮ ಊಹೆಗೆ ಮುಂದೆ ಬಿದ್ದ ಪೆಟ್ಟನ್ನು ನೋಡಲು ಅವರು ಇರಲಿಲ್ಲ.

ಅವರ ನಂತರ ಏನಾಯಿತು?

ಉತ್ತರಾಧಿಕಾರಿ ಜಾನ್ ಎಲಿಯಟ್ ಹಿಮದ ಜೊತೆಗೆ ಹಿಂದೂ ಮಹಾಸಾಗರ, ಆಸ್ಟ್ರೇಲಿಯಾ ಕಡೆಯ ಮಾಹಿತಿಗಳನ್ನೂ ಸೇರಿಸಿ ಉದ್ದುದ್ದ ಮುನ್ಸೂಚನೆ ಬರೆಯತೊಡಗಿದರು. 1899ರಲ್ಲಿ ಒಳ್ಳೆಯ ಮಳೆಯಾಗುತ್ತದೆ ಎಂದು ಇಲಾಖೆ ಹೇಳಿತು. ಆದದ್ದು ಶತಮಾನದ ಘೋರ ಬರಗಳಲ್ಲಿ ಒಂದು. ಟೀಕೆ ಎಷ್ಟಾಯಿತೆಂದರೆ ಕೆಲವು ವರ್ಷ ಮುನ್ಸೂಚನೆಯನ್ನು ಸಾರ್ವಜನಿಕರಿಗೆ ಕೊಡುವುದನ್ನೇ ನಿಲ್ಲಿಸಿ, ಸರ್ಕಾರಕ್ಕೆ ಮಾತ್ರ ಗುಟ್ಟಾಗಿ ತಿಳಿಸಲಾಯಿತು.

1904ರಲ್ಲಿ ಬಂದ ಗಣಿತಜ್ಞ ಗಿಲ್ಬರ್ಟ್ ವಾಕರ್ ಬೇರೆ ದಾರಿ ಹಿಡಿದರು. ಜಗತ್ತಿನ ಹಲವು ಊರುಗಳ ಗಾಳಿಯೊತ್ತಡ, ಮಳೆ, ಹಿಮ ಎಲ್ಲವನ್ನೂ ಗುಣಿಸಿ ಭಾಗಿಸಿ ಹೋಲಿಸಿದರು. ಪೆಸಿಫಿಕ್ ಸಾಗರದ ಒಂದು ಬದಿ ಒತ್ತಡ ಏರಿದರೆ ಇನ್ನೊಂದು ಬದಿ ಇಳಿಯುವ ತಕ್ಕಡಿಯಾಟ ಕಂಡಿತು. ನಾವು ಈಗ ಎಲ್ ನಿನೋ ಎಂದು ಕೇಳುತ್ತೇವಲ್ಲ, ಅದರ ಇನ್ನೊಂದು ಮುಖ ಇದು. 1877ರಲ್ಲಿ ಪೆಸಿಫಿಕ್‌ನಲ್ಲಿ ದಾಖಲೆಯ ಎಲ್ ನಿನೋಗಳಲ್ಲೇ ಅತಿ ಬಲವಾದವುಗಳಲ್ಲಿ ಒಂದು ಎದ್ದಿತ್ತು ಎಂದು ಇವತ್ತು ಗೊತ್ತಿದೆ. ಬಳ್ಳಾರಿಯ ಬರಕ್ಕೆ ಬ್ಲಾನ್‌ಫೋರ್ಡ್ ಹಿಮಾಲಯದಲ್ಲಿ ಕಾರಣ ಹುಡುಕುತ್ತಿದ್ದಾಗ, ದೊಡ್ಡ ಕಾರಣ ಸಾವಿರಾರು ಮೈಲಿ ಆಚೆಯ ಸಮುದ್ರದಲ್ಲಿತ್ತು. ಆ ವರ್ಷ ಏಷ್ಯಾದುದ್ದಕ್ಕೂ ಗಾಳಿಯೊತ್ತಡ ವಿಚಿತ್ರವಾಗಿತ್ತು ಎಂಬುದನ್ನು ಅವರು ಗಮನಿಸಿದ್ದರು. ಪೂರ್ತಿ ಚಿತ್ರ ಸೇರಿಸಲು ಬೇಕಾದ ಮಾಹಿತಿ ಅವರ ಕಾಲದಲ್ಲಿರಲಿಲ್ಲ.

ಹಿಮದ ಕಥೆ ಅಲ್ಲಿಗೇ ಮುಗಿಯಲಿಲ್ಲ. ಉಪಗ್ರಹಗಳು ಬಂದ ಮೇಲೆ, 1976ರಲ್ಲಿ, ಡೌಗ್ಲಾಸ್ ಹಾನ್ ಮತ್ತು ಜಗದೀಶ್ ಶುಕ್ಲ ಚಳಿಗಾಲದಲ್ಲಿ ಯುರೋಪ್ ಮತ್ತು ಏಷ್ಯಾದ ಮೇಲೆ ಹಿಮ ಹೆಚ್ಚು ಹರಡಿದರೆ ಭಾರತದ ಮಳೆ ತಗ್ಗುವ ಪ್ರವೃತ್ತಿ ಇದೆ ಎಂದು ತೋರಿಸಿದರು. ವಸಂತ ಗೋವಾರಿಕರ್ ತಂಡ 1988ರಲ್ಲಿ ತಂದ 16 ಅಂಶಗಳ ಮಾದರಿಯಲ್ಲೂ ಹಿಮಕ್ಕೆ ಜಾಗವಿತ್ತು. ಇವತ್ತಿಗೂ ಏಪ್ರಿಲ್‌ನ ಮುನ್ಸೂಚನೆಯಲ್ಲಿ ಇಲಾಖೆ ಉತ್ತರ ಗೋಳಾರ್ಧದ ಹಿಮದ ಹರವನ್ನು ಉಲ್ಲೇಖಿಸುತ್ತದೆ, ಆದರೆ ಪೆಸಿಫಿಕ್ ಮತ್ತು ಹಿಂದೂ ಮಹಾಸಾಗರಗಳ ಸ್ಥಿತಿಯ ಜೊತೆಗೆ. ಹಿಮ ಮತ್ತು ಮಳೆಯ ನಂಟು ಎಲ್ಲ ದಶಕಗಳಲ್ಲೂ ಒಂದೇ ಬಿಗಿಯಲ್ಲಿ ಇಲ್ಲ ಎಂಬುದೂ ಕಂಡಿದೆ.

ಹಾಗಾದರೆ ಫಾರ್ವರ್ಡ್‌ಗೆ ಏನು ಹೇಳಬೇಕು?

ಹಿಮ ಜಾಸ್ತಿ, ಹಾಗಾಗಿ ನಮ್ಮೂರಿಗೆ ಬರ ಎಂಬ ಸಂದೇಶ: ಅರೆಸತ್ಯ. ಒಂದು ಊರಿನ ಹಿಮದ ವಿಡಿಯೊ ಇಡೀ ಹಿಮಾಲಯದ ಲೆಕ್ಕವಲ್ಲ. ಇಡೀ ಹಿಮಾಲಯದ ಲೆಕ್ಕ ಸಿಕ್ಕರೂ ಅದು ಹಲವು ಕಾರಣಗಳಲ್ಲಿ ಒಂದು. ಎಲ್ಲ ಕಾರಣ ಸೇರಿಸಿದರೂ ಸಿಗುವುದು ದೇಶದ ಅಥವಾ ದೊಡ್ಡ ಪ್ರದೇಶದ ಸರಾಸರಿ. ಪಾಪಿನಾಯಕನಹಳ್ಳಿಯ ಹೊಲಕ್ಕೆ ಜುಲೈ ಎರಡನೇ ವಾರ ಮಳೆ ಬರುತ್ತದೆಯೇ ಎಂಬುದಕ್ಕೆ ಅದರಲ್ಲಿ ಉತ್ತರ ಇಲ್ಲ. ಬೀಜ ಹಾಕುವ ಮುನ್ನ ಹವಾಮಾನ ಇಲಾಖೆಯ ಐದು ದಿನದ ಜಿಲ್ಲಾ ಮುನ್ಸೂಚನೆ, ಮೇಘದೂತ್ ಆ್ಯಪ್, ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ವರುಣ ಮಿತ್ರ ಸಹಾಯವಾಣಿ ಇವನ್ನು ಕೇಳಿ.

ಹಿಮ ಕರಗಿ ಡ್ಯಾಂ ತುಂಬುತ್ತದೆ ಎಂಬ ಸಂದೇಶ: ಸುಳ್ಳು. ತುಂಗಾ ಮತ್ತು ಭದ್ರಾ ಹುಟ್ಟುವುದು ಚಿಕ್ಕಮಗಳೂರು ಜಿಲ್ಲೆಯ ಗಂಗಾಮೂಲದಲ್ಲಿ, ಕೂಡುವುದು ಕೂಡಲಿಯಲ್ಲಿ. ಹೊಸಪೇಟೆಯ ಜಲಾಶಯ ತುಂಬುವುದು ಮಲೆನಾಡಿನ ಮಳೆಯಿಂದ. ಹಿಮ ಕರಗಿದ ನೀರು ಗಂಗಾ, ಸಿಂಧೂ, ಬ್ರಹ್ಮಪುತ್ರದಂಥ ಉತ್ತರದ ನದಿಗಳಿಗೆ ಹೋಗುತ್ತದೆ.

ಟ್ರೆಕ್ಕಿಂಗ್ ಹೊರಟವರು ನೋಡಬೇಕಾದ ಹಿಮ ಬೇರೆ

ಈಗ ಮೂರನೆಯವರ ಮಾತು. 2024ರ ಜೂನ್ ಮೊದಲ ವಾರ ಉತ್ತರಾಖಂಡದ ಸಹಸ್ತ್ರತಾಲ್ ಚಾರಣಕ್ಕೆ ಹೋಗಿದ್ದ ಕರ್ನಾಟಕದ ತಂಡ ಎತ್ತರದಲ್ಲಿ ಹಿಮಗಾಳಿಗೆ ಸಿಕ್ಕಿತು. ಒಂಬತ್ತು ಮಂದಿ ಸತ್ತರು. ಉಳಿದವರನ್ನು ವಾಯುಪಡೆ ಮತ್ತು ರಾಜ್ಯ ವಿಪತ್ತು ಸ್ಪಂದನಾ ಪಡೆ ಕಾಪಾಡಿದವು. ಅದು ಜೂನ್ ತಿಂಗಳು, ಚಳಿಗಾಲವಲ್ಲ. 4,000 ಮೀಟರ್ ದಾಟಿದ ಮೇಲೆ ಯಾವ ತಿಂಗಳೂ ಪೂರ್ತಿ ಬೇಸಿಗೆಯಲ್ಲ.

ಬ್ಲಾನ್‌ಫೋರ್ಡ್ ಮಳೆಗಾಗಿ ನೋಡಿದ್ದು ಇಡೀ ಋತುವಿನ ಹಿಮ. ಜಲಾಶಯದ ಎಂಜಿನಿಯರ್ ನೋಡುವುದು ಹಿಮದೊಳಗಿನ ನೀರು. ಅದಕ್ಕೆ ಕೊಳವೆ ಚುಚ್ಚಿ ಹಿಮದ ಕಂಬ ತೆಗೆದು ತೂಗುತ್ತಾರೆ. ಆಳ ಒಂದೇ ಇದ್ದರೂ ಹೊಸ ಹಿಮದಲ್ಲಿ ನೀರು ಕಡಿಮೆ, ಹಳೆಯದರಲ್ಲಿ ಹೆಚ್ಚು. ಚಾರಣಿಗರಿಗೆ ಬೇಕಾಗಿರುವುದು ಈ ಎರಡೂ ಅಲ್ಲ. ನಾಳೆ ಬೆಳಿಗ್ಗೆ ಈ ಇಳಿಜಾರಿನ ಹಿಮ ನಮ್ಮ ಭಾರ ತಡೆಯುತ್ತದೆಯೇ, ಜಾರುತ್ತದೆಯೇ ಎಂಬುದು ಅವರ ಪ್ರಶ್ನೆ.

ಹಿಮ ಒಂದೇ ಗಟ್ಟಿ ರಾಶಿಯಲ್ಲ. ಒಂದೊಂದು ಸಲ ಬಿದ್ದದ್ದು ಒಂದೊಂದು ಪದರ. ನಡುವಿನ ಒಂದು ಪದರ ಸಡಿಲವಾಗಿದ್ದರೆ ಮೇಲಿನದ್ದೆಲ್ಲ ಒಮ್ಮೆಗೇ ಜಾರುತ್ತದೆ. ಅದೇ ಹಿಮಕುಸಿತ. 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ ಅಪಾಯ ಹೆಚ್ಚು. ಹೊಸದಾಗಿ ಭಾರಿ ಹಿಮ ಬಿದ್ದ ಮೊದಲ ಒಂದೆರಡು ದಿನ, ಜೋರು ಗಾಳಿ ಬೀಸಿ ಹಿಮ ಒಂದು ಬದಿಗೆ ಗುಡ್ಡೆಯಾದಾಗ, ದಿಢೀರ್ ಬಿಸಿಲೇರಿದಾಗ ಇನ್ನೂ ಹೆಚ್ಚು. ಹಿಮದಡಿ ಸಿಕ್ಕಿದವರು ಬದುಕುವ ಸಾಧ್ಯತೆ ಮೊದಲ 10–15 ನಿಮಿಷದ ನಂತರ ವೇಗವಾಗಿ ಕುಸಿಯುತ್ತದೆ.

ಹಿಮ ನೋಡುವ ಕೆಲಸಕ್ಕೆ ಈಗ ಉಪಗ್ರಹಗಳಿವೆ, ಸ್ವಯಂಚಾಲಿತ ಹವಾಮಾನ ಕೇಂದ್ರಗಳಿವೆ. 1969ರಲ್ಲಿ ಮನಾಲಿಯಲ್ಲಿ ಶುರುವಾದ ರಕ್ಷಣಾ ಇಲಾಖೆಯ ಹಿಮ ಸಂಶೋಧನಾ ಸಂಸ್ಥೆ ಈಗ ಚಂಡೀಗಢದ ರಕ್ಷಣಾ ಭೂಮಾಹಿತಿ ಸಂಶೋಧನಾ ಸಂಸ್ಥೆಯ ಭಾಗ. ಅದು ಕಾಶ್ಮೀರ, ಲಡಾಖ್, ಹಿಮಾಚಲ, ಉತ್ತರಾಖಂಡಗಳಿಗೆ ಹಿಮಕುಸಿತದ ಎಚ್ಚರಿಕೆ ಕೊಡುತ್ತದೆ. ಅಪಾಯದ ಮಟ್ಟವನ್ನು ಬಣ್ಣಗಳಲ್ಲಿ ತೋರಿಸುತ್ತದೆ. ಆದರೆ ಉಪಗ್ರಹಕ್ಕೆ ಮೋಡ ಅಡ್ಡ ಬರಬಹುದು. ತೊರೆಯ ಮೇಲಿನ ಹಿಮದ ಸೇತುವೆ ಒಳಗೆ ಟೊಳ್ಳಾಗಿದೆಯೇ ಎಂದು ಆಕಾಶದಿಂದ ಕಾಣುವುದಿಲ್ಲ. ಅದನ್ನು ಹೇಳಬಲ್ಲವರು ಆ ದಾರಿಯಲ್ಲಿ ನಿನ್ನೆ ನಡೆದು ಬಂದ ಸ್ಥಳೀಯರು. ಬ್ಲಾನ್‌ಫೋರ್ಡ್ ಕಾಲದ ಬೆಟ್ಟದ ವರದಿಗಳ ಬೆಲೆ ಇವತ್ತಿಗೂ ಕಡಿಮೆಯಾಗಿಲ್ಲ.

ಹೊರಡುವ ಮುನ್ನ ಇಷ್ಟು ಮಾಡಿ

- ಹವಾಮಾನ ಇಲಾಖೆಯ ಮೌಸಮ್ ಆ್ಯಪ್‌ನಲ್ಲಿ ಆ ಜಿಲ್ಲೆಯ ಎಚ್ಚರಿಕೆ ನೋಡಿ. ಹೊರಡುವ ದಿನವೂ, ಮೇಲಕ್ಕೆ ಹತ್ತುವ ಹಿಂದಿನ ಸಂಜೆಯೂ ನೋಡಿ.
- ಹಿಮಕುಸಿತದ ಎಚ್ಚರಿಕೆ ಇದೆಯೇ ವಿಚಾರಿಸಿ. ಇದ್ದರೆ ಹೋಗಬೇಡಿ. ಕಟ್ಟಿದ ಹಣ ಹೋದರೆ ಹೋಗಲಿ.
- ಸ್ಥಳೀಯ ಮಾರ್ಗದರ್ಶಿ ಮತ್ತು ಅರಣ್ಯ ಇಲಾಖೆಯವರನ್ನು ಕೇಳಿ: ನಿನ್ನೆ ದಾರಿ ಹೇಗಿತ್ತು? ಹೊಸ ಹಿಮ ಬಿದ್ದಿದೆಯೇ?
- ಹಿಮದ ಇಳಿಜಾರು ಮತ್ತು ತೊರೆಗಳನ್ನು ಬೆಳಿಗ್ಗೆ ಬೇಗ ದಾಟಿ. ಮಧ್ಯಾಹ್ನ ಹಿಮ ಮೆತ್ತಗಾಗುತ್ತದೆ, ತೊರೆ ಉಕ್ಕುತ್ತದೆ. ಆದರೆ ಮುಂಜಾನೆ ಹಿಮ ಗಾಜಿನಂತೆ ಜಾರುವುದರಿಂದ ಬೂಟಿಗೆ ಕಟ್ಟುವ ಮುಳ್ಳುಪಟ್ಟಿ ಬೇಕು.
- ಎಷ್ಟು ಗಂಟೆಗೆ ಎಲ್ಲಿದ್ದರೂ ಹಿಂತಿರುಗಬೇಕು ಎಂದು ಮೊದಲೇ ನಿಗದಿ ಮಾಡಿ.
- ಜೊತೆಗಾರ ತಡವರಿಸಿ ಮಾತಾಡಿದರೆ, ಎಡವುತ್ತಿದ್ದರೆ, ವಿಪರೀತ ನಡುಗಿದರೆ ಮೈ ಬಿಸಿ ಇಳಿಯುತ್ತಿದೆ ಎಂದರ್ಥ. ಒದ್ದೆ ಬಟ್ಟೆ ತೆಗೆದು, ಒಣಗಿದ್ದು ಹೊದಿಸಿ, ಗಾಳಿಯಿಂದ ಮರೆ ಮಾಡಿ. ಪೂರ್ತಿ ಎಚ್ಚರವಿದ್ದರೆ ಮಾತ್ರ ಬಿಸಿ ಸಿಹಿ ಪಾನೀಯ ಕೊಡಿ. ಮದ್ಯ ಬೇಡವೇ ಬೇಡ.

ಹಂಚುವ ಮುನ್ನ

ಬ್ಲಾನ್‌ಫೋರ್ಡ್ ಊಹೆಯ ಒಂದು ಪಾಲು ಉಳಿಯಿತು, ಒಂದು ಪಾಲು ಬಿದ್ದುಹೋಯಿತು. ಅವರು ಕಲಿಸಿದ ಪದ್ಧತಿ ಪೂರ್ತಿ ಉಳಿಯಿತು: ಹಲವು ಕಡೆಯಿಂದ, ಒಂದೇ ಅಳತೆಯಲ್ಲಿ, ವರ್ಷಗಟ್ಟಲೆ ನೋಡುವುದು, ಹೇಳಿದ್ದನ್ನು ಆಮೇಲೆ ಆದದ್ದರ ಜೊತೆ ಹೋಲಿಸುವುದು. ಮುಂದಿನ ಸಲ ಹಿಮದ ವಿಡಿಯೊ ಬಂದಾಗ ನಾಲ್ಕು ಪ್ರಶ್ನೆ ಕೇಳಿ. ಇದು ಎಲ್ಲಿಯದು? ಯಾವಾಗಿನದು? ಅಳೆದವರು ಯಾರು? ಇದರಿಂದ ಹೇಳುತ್ತಿರುವುದು ಋತುವಿನ ಮಳೆಯನ್ನೇ, ನಾಳೆಯ ದಾರಿಯನ್ನೇ? ಉತ್ತರ ಇಲ್ಲದಿದ್ದರೆ ವಿಡಿಯೊ ನೋಡಿ ಖುಷಿಪಡಿ, ಕೆಳಗಿನ ಸಾಲನ್ನು ಮಾತ್ರ ಮುಂದಕ್ಕೆ ಕಳಿಸಬೇಡಿ. ನಿಮ್ಮ ಗ್ರೂಪಿನಲ್ಲಿ ಬಿತ್ತನೆಗೆ ಕಾಯುತ್ತಿರುವವರೂ ಇರಬಹುದು, ಬೆಟ್ಟಕ್ಕೆ ಬ್ಯಾಗ್ ಕಟ್ಟುತ್ತಿರುವವರೂ ಇರಬಹುದು.